ಮರ ಕೆಡವುವ, ಕೊಂಬೆ ಸವರುವ ಕೆಲಸ: ಮೇಸ್ತ್ರಿಗೂ ಮಾಲೀಕರಿಗೂ ಸುರಕ್ಷತೆಯ ಕೈಪಿಡಿ

ಒಂದು ಮರವನ್ನು ಕಡಿಯಬಹುದೇ ಎಂದು ಕೇಳುವ ಕಾನೂನು ಕರ್ನಾಟಕದಲ್ಲಿ 1976ರಿಂದ ಇದೆ. ಆ ಮರವನ್ನು ಯಾರು ಹತ್ತಬೇಕು, ಹತ್ತುವವರಿಗೆ ಯಾವ ತರಬೇತಿ ಆಗಿರಬೇಕು, ಅವರ ಸೊಂಟಕ್ಕೆ ಎಂಥ ಹಗ್ಗವಿರಬೇಕು, ಕೆಳಗೆ ಯಾರು ನಿಂತಿರಬೇಕು ಎಂದು ಕೇಳುವ ಪ್ರತ್ಯೇಕ ಪರವಾನಗಿ ವ್ಯವಸ್ಥೆ ಮಾತ್ರ ನಮ್ಮಲ್ಲಿ ಇಲ್ಲ. ಹೀಗಾಗಿ ಕಡತ ಸರಿಯಿದ್ದೂ ಕೆಲಸ ಅಪಾಯಕಾರಿಯಾಗಿರುವುದು ಸಾಧ್ಯ. ಅನುಮತಿ ಪತ್ರ ಕೈಯಲ್ಲಿದ್ದರೂ ಮರದ ಮೇಲಿರುವವರು ಬರಿಗಾಲಿನಲ್ಲಿ, ಲಾರಿಗೆ ಸರಕು ಬಿಗಿಯುವ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಒಂದೇ ಕೈಯಲ್ಲಿ ಚೈನ್‌ಸಾ (ಎಂಜಿನ್‌ನಿಂದ ಓಡುವ ಸರಪಳಿ ಗರಗಸ) ಹಿಡಿದಿರುವುದನ್ನು ನಮ್ಮ ಊರು-ನಗರಗಳಲ್ಲಿ ಯಾರು ಬೇಕಾದರೂ ನೋಡಬಹುದು. ಕಾನೂನು ಕೇಳದ ಪ್ರಶ್ನೆಗಳನ್ನು ಕೆಲಸ ವಹಿಸುವ ಮಾಲೀಕರೂ ತಂಡ ಕಟ್ಟುವ ಮೇಸ್ತ್ರಿಯೂ ತಾವೇ ಕೇಳಬೇಕಾಗಿದೆ, ಮತ್ತು ಅವುಗಳಲ್ಲಿ ಬಹುಪಾಲನ್ನು ಗರಗಸ ಚಾಲೂ ಆಗುವ ಮೊದಲೇ, ನೆಲದ ಮೇಲೆ ನಿಂತೇ ಕೇಳಬೇಕಾಗಿದೆ. ಈ ಬರಹ ಆ ಇಬ್ಬರನ್ನು ಉದ್ದೇಶಿಸಿದ್ದು.

ಮೊದಲು ಅನುಮತಿ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಕಡಿಯುವ ಮುನ್ನ ವೃಕ್ಷ ಅಧಿಕಾರಿಯ ಅನುಮತಿ ಪಡೆಯಬೇಕು. ಸ್ವಂತ ಜಾಗದ ಮರಕ್ಕೂ ಇದು ಅನ್ವಯಿಸುತ್ತದೆ. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ: ಅಧಿನಿಯಮದಲ್ಲಿ ‘ಕಡಿಯುವುದು’ ಎಂಬುದರ ವ್ಯಾಖ್ಯೆ ಬುಡ ಕತ್ತರಿಸುವುದಕ್ಕೆ ಸೀಮಿತವಾಗಿಲ್ಲ. ಬೇರುಸಹಿತ ಕೀಳುವುದು, ಕೊಂಬೆಗಳನ್ನು ಕತ್ತರಿಸುವುದು, ತಲೆ ಬೋಳಿಸುವುದು, ಸುತ್ತಲೂ ತೊಗಟೆ ಸುಲಿಯುವುದು, ವಿಷ ಹಾಕುವುದು, ಸುಡುವುದು ಎಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ‘ನಾವು ಕಡಿಯುತ್ತಿಲ್ಲ, ಬರೀ ಸವರುತ್ತಿದ್ದೇವೆ’ ಎಂಬ ಸಮಜಾಯಿಷಿಯನ್ನು ನಂಬಿ ಕೆಲಸ ಆರಂಭಿಸಬಾರದು.

ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳಿಗೂ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡುವ ಮರಗಳಿಗೂ ಅನುಮತಿ ನಿರಾಕರಿಸಬಾರದೆಂದು ಅಧಿನಿಯಮವೇ ಹೇಳುತ್ತದೆ. ನಿಮ್ಮ ಮರ ಈ ವರ್ಗದ್ದಾದರೆ ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದು, ಬಿರುಕು, ಪೊಟರೆ, ವಾಲಿದ ಕಾಂಡ ಕಾಣುವಂತೆ ಫೋಟೋ ಲಗತ್ತಿಸಿದರೆ ಸ್ಥಳ ಪರಿಶೀಲನೆಗೆ ಬರುವವರ ಕೆಲಸ ಸುಲಭವಾಗುತ್ತದೆ. 50ಕ್ಕಿಂತ ಹೆಚ್ಚು ಮರಗಳ ಪ್ರಸ್ತಾವವಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಶ್ರೀಗಂಧ, ಬೀಟೆ, ತೇಗದಂಥ ಮರಗಳ ವಿಷಯದಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬಾರದು, ಏಕೆಂದರೆ ಅಲ್ಲಿ ಕಡಿತದಷ್ಟೇ ಸಾಗಣೆಯೂ ನಿಯಂತ್ರಣಕ್ಕೆ ಒಳಪಟ್ಟಿದೆ. ರಸ್ತೆ ಬದಿಯ ಮರ ಮನೆಯೆದುರಿನವರದ್ದಲ್ಲ, ಸ್ಥಳೀಯ ಸಂಸ್ಥೆಯದ್ದು. ಅದರ ಕೊಂಬೆ ಮನೆಯ ಮೇಲೆ ಚಾಚಿದ್ದರೆ ನಗರಗಳಲ್ಲಿ ಪಾಲಿಕೆಗೆ, ಬೇರೆಡೆ ಪುರಸಭೆಗೆ ಅಥವಾ ಪಂಚಾಯಿತಿಗೆ ದೂರು ಕೊಡಬೇಕೇ ಹೊರತು ಖಾಸಗಿಯಾಗಿ ಆಳು ಹಿಡಿದು ಕತ್ತರಿಸುವಂತಿಲ್ಲ.

ಅನುಮತಿ ಪತ್ರದ ಪ್ರತಿ ಕೆಲಸದ ದಿನ ಸ್ಥಳದಲ್ಲೇ ಇರಬೇಕು. ಅದರಲ್ಲಿರುವ ಮರದ ಸಂಖ್ಯೆಯನ್ನೂ ಜಾತಿಯನ್ನೂ ಮೇಸ್ತ್ರಿ ತಾನೇ ತಾಳೆ ನೋಡಿ, ಮರಕ್ಕೆ ಬಣ್ಣದ ಗುರುತು ಹಾಕಿದ ನಂತರವೇ ತಂಡವನ್ನು ಕರೆಯುವುದು ಒಳ್ಳೆಯದು.

ವಿದ್ಯುತ್ ತಂತಿ ಇದ್ದರೆ ಉಳಿದದ್ದೆಲ್ಲ ಆಮೇಲೆ

ಮರದ ಬಳಿ ತಂತಿ ಹಾದುಹೋಗಿದ್ದರೆ ಮರದ ಎತ್ತರ, ಜಾತಿ, ಕೂಲಿ ಯಾವುದನ್ನೂ ಮಾತಾಡುವ ಮೊದಲು ಆ ತಂತಿಯ ವಿಷಯ ತೀರ್ಮಾನವಾಗಬೇಕು. ವಿಶೇಷ ತರಬೇತಿ ಇಲ್ಲದವರು 50 ಕಿಲೋವೋಲ್ಟ್‌ವರೆಗಿನ ತಂತಿಯಿಂದ ಕನಿಷ್ಠ 10 ಅಡಿ ದೂರವಿರಬೇಕೆಂಬುದು ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ. ನಮ್ಮ 11 ಕಿಲೋವೋಲ್ಟ್ ಲೈನ್‌ಗಳಿಗೂ ಬೀದಿಯ ಸಾಮಾನ್ಯ ತಂತಿಗಳಿಗೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಈ 10 ಅಡಿಯನ್ನು ಮನುಷ್ಯನ ದೇಹದಿಂದ ಮಾತ್ರ ಅಳೆದರೆ ಸಾಲದು. ಕೈಯಲ್ಲಿರುವ ಗರಗಸ, ದೋಟಿ, ಏಣಿ, ಜೋತುಬಿದ್ದ ಹಗ್ಗ, ಕತ್ತರಿಸಿದ ಮೇಲೆ ತಿರುಗಿ ಬೀಳಬಹುದಾದ ಕೊಂಬೆಯ ತುದಿ ಇವೆಲ್ಲವೂ ಆ ಅಂತರದ ಆಚೆಗೇ ಇರಬೇಕು. ಹಸಿ ಕೊಂಬೆಯಲ್ಲಿ ನೀರಿದೆ, ಅದರಲ್ಲಿ ವಿದ್ಯುತ್ ಹರಿಯುತ್ತದೆ.

ಅಷ್ಟು ಅಂತರ ಸಿಗದಿದ್ದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಚಾಮುಂಡೇಶ್ವರಿ ವಿದ್ಯುತ್ ಕಂಪನಿಯ ಸ್ಥಳೀಯ ಶಾಖಾ ಕಚೇರಿಗೆ ಲಿಖಿತವಾಗಿ ಕೋರಿ ಲೈನ್ ಕ್ಲಿಯರ್ ಪಡೆಯಬೇಕು. ಪರಿಚಯದ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ‘ಸ್ವಲ್ಪ ಹೊತ್ತು ಕರೆಂಟ್ ತೆಗೆಯಿರಿ’ ಎನ್ನುವುದು ಲೈನ್ ಕ್ಲಿಯರ್ ಅಲ್ಲ. ಯಾವ ಲೈನ್, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾರ ಹೆಸರಿಗೆ ಎಂಬುದು ದಾಖಲಾಗಿ, ಸಿಬ್ಬಂದಿ ಸ್ಥಳಕ್ಕೆ ಬಂದು ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಭೂಸಂಪರ್ಕ (ಅರ್ಥಿಂಗ್) ಕೊಟ್ಟು ‘ಈಗ ಶುರುಮಾಡಿ’ ಎಂದು ಹೇಳಿದ ಮೇಲೆಯೇ ಮರ ಹತ್ತಬೇಕು. ಭೂಸಂಪರ್ಕಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ: ಒಂದು ಕಡೆ ಸ್ವಿಚ್ ತೆಗೆದಿದ್ದರೂ ಅಕ್ಕಪಕ್ಕದ ಮನೆಯ ಜನರೇಟರ್‌ನಿಂದಲೋ ತಪ್ಪಾಗಿ ಜೋಡಿಸಿದ ಇನ್ವರ್ಟರ್‌ನಿಂದಲೋ ತಂತಿಗೆ ಹಿಮ್ಮುಖವಾಗಿ ವಿದ್ಯುತ್ ಬರಬಹುದು. ಕೆಲಸ ಮುಗಿದಾಗ ಎಲ್ಲರೂ ಕೆಳಗಿಳಿದಿದ್ದಾರೆ ಎಂದು ಎಣಿಸಿ ಹೇಳುವ ಹೊಣೆ ಒಬ್ಬರದೇ ಆಗಿರಬೇಕು.

ಕೆಲಸದ ನಡುವೆ ಕೊಂಬೆ ತಂತಿಯ ಮೇಲೆ ಬಿದ್ದರೆ ಅದನ್ನು ಬಿದಿರಿನಿಂದಲೋ ಒಣಕೋಲಿನಿಂದಲೋ ಸರಿಸಲು ಹೋಗಬಾರದು. ಎಲ್ಲರನ್ನೂ ದೂರ ಕಳುಹಿಸಿ 1912ಕ್ಕೆ ಕರೆ ಮಾಡಬೇಕು. ತಂತಿ ನೆಲಕ್ಕೆ ಬಿದ್ದಿದ್ದರೆ ಸುತ್ತಲಿನ ನೆಲದಲ್ಲೂ ವಿದ್ಯುತ್ ಹರಡಿರುತ್ತದೆ; ಸಮೀಪದಲ್ಲಿರುವವರು ದೊಡ್ಡ ಹೆಜ್ಜೆ ಹಾಕಿ ಓಡದೆ, ಪಾದಗಳನ್ನು ನೆಲದಿಂದ ಎತ್ತದೆ, ಒಂದಕ್ಕೊಂದು ತಾಗಿಸಿಕೊಂಡೇ ಜರುಗಿಸುತ್ತಾ ದೂರ ಸರಿಯಬೇಕು. ಸದ್ದು, ಕಿಡಿ ನಿಂತಿತೆಂದು ತಂತಿ ಸತ್ತಿದೆ ಎಂದು ತಿಳಿಯುವಂತಿಲ್ಲ. ಕಡಿತಗೊಂಡ ಲೈನ್ ತಾನಾಗಿ ಮತ್ತೆ ಚಾಲೂ ಆಗುವ ವ್ಯವಸ್ಥೆ ಎಷ್ಟೋ ಕಡೆ ಇದೆ.

ನೆಲದಲ್ಲಿ ನಿಂತು ಮರವನ್ನು ನೋಡುವುದು

ಹತ್ತುವವರೂ ಮೇಸ್ತ್ರಿಯೂ ಜೊತೆಯಾಗಿ ಮರವನ್ನು ಸುತ್ತು ಹಾಕಬೇಕು. ಬುಡದಲ್ಲಿ ಅಣಬೆ ಎದ್ದಿದೆಯೇ, ಗೆದ್ದಲು ಹತ್ತಿದೆಯೇ, ಇತ್ತೀಚೆಗೆ ಚರಂಡಿಗಾಗಿಯೋ ಕೇಬಲ್‌ಗಾಗಿಯೋ ಅಗೆದು ಬೇರು ಕತ್ತರಿಸಿದ್ದಾರೆಯೇ, ವಾಲಿದ ಮರದ ಹಿಂಬದಿಯಲ್ಲಿ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದೆಯೇ ಎಂದು ನೋಡಬೇಕು. ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ತಟ್ಟಿದರೆ ಟೊಳ್ಳಿರುವಲ್ಲಿ ಸದ್ದು ಬೇರೆಯಾಗುತ್ತದೆ. ನಂತರ ಕಣ್ಣನ್ನು ಮೇಲಕ್ಕೆ ಒಯ್ಯಬೇಕು: ಎರಡು ಕವಲುಗಳು ಕೂಡುವಲ್ಲಿ ಸಿಕ್ಕಿಕೊಂಡ ತೊಗಟೆ, ಉದ್ದುದ್ದ ಬಿರುಕು, ಮುರಿದು ನೇತಾಡುತ್ತಿರುವ ಕೊಂಬೆ, ಬಳ್ಳಿ ಮುಚ್ಚಿದ ಪೊಟರೆ. ಗುಲ್‌ಮೊಹರ್ ಮತ್ತು ಹಳದಿ ಹೂವಿನ ಪೆಲ್ಟೋಫೋರಮ್ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಸುಲಭವಾಗಿ ಮುರಿಯುವ ಮರಗಳು. ಹಳೆಯ ಮಳೆಮರದ ಕೊಂಬೆಗಳು ಅಡ್ಡಡ್ಡ ಬಹುದೂರ ಚಾಚಿರುವುದರಿಂದ ಬುಡ ಗಟ್ಟಿಯಿದ್ದರೂ ಕೊಂಬೆಯ ತುದಿಯಲ್ಲಿ ಭಾರ ಬಹಳ. ಒಣಗಿ ನಿಂತ ಮರವನ್ನು ಮಾತ್ರ ಹತ್ತುವ ಯೋಚನೆಯನ್ನೇ ಮಾಡಬಾರದು. ಹಗ್ಗ ಎಷ್ಟೇ ಗಟ್ಟಿಯಿದ್ದರೂ ಅದನ್ನು ಕಟ್ಟಿದ ಕೊಂಬೆಯಷ್ಟೇ ಅದರ ಬಲ.

ಹೆಜ್ಜೇನು ಇದೆಯೇ ಎಂದು ದುರ್ಬೀನಿನಿಂದ ನೋಡುವುದು ನಮ್ಮ ನಾಡಿನ ಮರಕೆಲಸದಲ್ಲಿ ತಪ್ಪಿಸಲೇಬಾರದ ಹೆಜ್ಜೆ. ದೊಡ್ಡ ಕೊಂಬೆಯ ಅಡಿಯಲ್ಲಿ ಜೋತಿರುವ ಗೂಡು ಎಲೆಗಳ ಮರೆಯಲ್ಲಿ ಕೆಳಗಿನಿಂದ ಕಾಣದೇ ಹೋಗಬಹುದು, ಗರಗಸದ ಸದ್ದು ಮತ್ತು ಅದುರಿಗೆ ಹುಳುಗಳು ಒಟ್ಟಿಗೆ ಎದ್ದರೆ ಹಗ್ಗದಲ್ಲಿರುವವರಿಗೆ ಓಡುವ ದಾರಿಯಿಲ್ಲ. ಗೂಡಿದ್ದರೆ ಕೆಲಸ ಮುಂದೂಡಬೇಕು, ಇಲ್ಲವೇ ಜೇನು ಕೆಲಸ ಬಲ್ಲವರನ್ನು ಕರೆಯಬೇಕು. ಹಕ್ಕಿ ಮರಿ ಮಾಡಿರುವ ಗೂಡು ಕಂಡರೂ, ಮರ ಇವತ್ತೇ ಬೀಳುವಂತಿಲ್ಲದಿದ್ದರೆ, ಕಾಯುವುದೇ ಸರಿ.

ಇಷ್ಟು ನೋಡಿದ ಮೇಲೆ ಕೆಲಸದ ವಿಧಾನ ತೀರ್ಮಾನಿಸಬೇಕು. ಎತ್ತರದ ಕೆಲಸಕ್ಕೆ ಸಂಬಂಧಿಸಿದ ಬ್ರಿಟನ್ನಿನ 2005ರ ನಿಯಮಗಳಲ್ಲಿ ಒಂದು ಒಳ್ಳೆಯ ಕ್ರಮವಿದೆ: ಮೊದಲು, ಮೇಲೇರದೆಯೇ ಮುಗಿಸಬಹುದೇ ಎಂದು ಯೋಚಿಸು, ಆಗದಿದ್ದರೆ ಬೀಳದಂತೆ ತಡೆಯುವ ವ್ಯವಸ್ಥೆ ಮಾಡು, ಅದೂ ಪೂರ್ತಿ ಸಾಧ್ಯವಿಲ್ಲದಲ್ಲಿ ಬಿದ್ದರೂ ಪೆಟ್ಟಾಗದಂತೆ ನೋಡಿಕೊ. ಇದನ್ನು ನಮ್ಮ ಮರಕ್ಕೆ ಹೊಂದಿಸಿದರೆ, ಉದ್ದ ಹಿಡಿಯ ಗರಗಸದಿಂದ ನೆಲದಿಂದಲೇ ಆಗುವ ಕೆಲಸಕ್ಕೆ ಯಾರೂ ಹತ್ತಬೇಕಿಲ್ಲ, ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಬಕೆಟ್ ವಾಹನ ಹೋಗುವಲ್ಲಿ ಹಗ್ಗದ ಕೆಲಸ ಬೇಡ, ಎರಡೂ ಆಗದಲ್ಲಿ ಮಾತ್ರ ಹತ್ತುವುದು. ಬಕೆಟ್‌ನಲ್ಲಿ ನಿಂತವರೂ ಹಾರ್ನೆಸ್ (ಮೈಗೆ ಬಿಗಿಯುವ ಸುರಕ್ಷಾ ಪಟ್ಟಿಗಳ ಕವಚ) ತೊಟ್ಟು ಅದನ್ನು ಬಕೆಟ್‌ನ ಕೊಂಡಿಗೆ ಸಿಕ್ಕಿಸಿರಬೇಕು. ಜೆಸಿಬಿಯ ಬಾಯಲ್ಲಿ ಆಳನ್ನು ಕೂರಿಸಿ ಎತ್ತುವ ರೂಢಿಯನ್ನು ಯಾವ ಅವಸರವೂ ಸಮರ್ಥಿಸಲಾರದು.

ತರಬೇತಿ ಯಾವ ಕ್ರಮದಲ್ಲಿ

ನಮ್ಮಲ್ಲಿ ಈ ಕಸುಬು ನೋಡಿ ಕಲಿಯುವಂಥದ್ದು. ಹುಡುಗನೊಬ್ಬ ಮೊದಲು ಸೊಪ್ಪು ಎಳೆಯುತ್ತಾನೆ, ಧೈರ್ಯ ಇದೆ ಎಂದು ಕಂಡರೆ ಮರ ಹತ್ತುತ್ತಾನೆ, ಮುಂದಿನ ವಾರ ಅವನ ಕೈಗೆ ಮಿಷನ್ ಬರುತ್ತದೆ. ಈ ಕ್ರಮದಲ್ಲಿ ಇಡೀ ಒಂದು ಮೆಟ್ಟಿಲು ಕಾಣೆಯಾಗಿದೆ. ಬ್ರಿಟನ್ನಿನಲ್ಲಿ ವೃತ್ತಿಪರರಿಗೆ ಕಲಿಸುವ ಕ್ರಮ ಹೀಗಿದೆ: ಮೊದಲು ಗರಗಸದ ನಿರ್ವಹಣೆ ಮತ್ತು ನೆಲದ ಮೇಲಿನ ದಿಮ್ಮಿ ಕೊಯ್ಯುವುದು, ನಂತರ ಸುಮಾರು 38 ಸೆಂಟಿಮೀಟರ್ ದಪ್ಪದವರೆಗಿನ ಸಣ್ಣ ಮರ ಕೆಡವುವುದು, ಆಮೇಲೆ ಹಗ್ಗದಲ್ಲಿ ಮರ ಹತ್ತುವುದು ಮತ್ತು ಅದರ ಜೊತೆಗೇ, ಮೇಲೆ ಸಿಕ್ಕಿಕೊಂಡ ಸಂಗಾತಿಯನ್ನು ಕೆಳಗಿಳಿಸುವುದು, ಇವೆಲ್ಲ ಆದ ಮೇಲೆ ಮಾತ್ರ ಹಗ್ಗದಲ್ಲಿ ತೂಗುತ್ತಾ ಚೈನ್‌ಸಾ ಬಳಸುವುದು. ಪ್ರತಿ ಹಂತಕ್ಕೂ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಪ್ರಮಾಣಪತ್ರ. ಮಿಷನ್ ಹಿಡಿದು ಮೇಲೇರುವ ಮೊದಲೇ ರಕ್ಷಣೆಯ ವಿದ್ಯೆ ಕಲಿಸುವುದು ಈ ಕ್ರಮದ ತಿರುಳು, ಮತ್ತು ನಮ್ಮ ತಂಡಗಳಲ್ಲಿ ಇಲ್ಲದಿರುವುದೂ ಅದೇ.

ಪ್ರಮಾಣಪತ್ರದ ವ್ಯವಸ್ಥೆ ಇಲ್ಲದಿದ್ದರೂ ಮೇಸ್ತ್ರಿ ತನ್ನ ತಂಡದಲ್ಲಿ ಇದೇ ಕ್ರಮವನ್ನು ಜಾರಿಗೆ ತರಬಹುದು. ಒಂದು ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ಪುಟವಿಟ್ಟು, ಯಾವ ಹಂತ ಕಲಿತರು, ಯಾರು ಕಲಿಸಿದರು, ಯಾವ ದಿನ ತಾನೇ ನಿಂತು ನೋಡಿ ಒಪ್ಪಿದೆ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಹಂತ ದಾಟದವರಿಗೆ ಆ ಕೆಲಸ ಕೊಡಬಾರದು, ಆ ದಿನ ಆಳು ಎಷ್ಟೇ ಕಡಿಮೆ ಬಿದ್ದರೂ ಸರಿ. ವರ್ಷಕ್ಕೆ ಒಮ್ಮೆಯಾದರೂ, ಮಳೆಗಾಲದ ಮುಂಚಿನ ಕೆಲಸದ ಭರಾಟೆ ಶುರುವಾಗುವ ಮೊದಲು, ಹತ್ತಡಿ ಎತ್ತರದ ಕೊಂಬೆಯಲ್ಲಿ ಒಬ್ಬರನ್ನು ಹಾರ್ನೆಸ್‌ನಲ್ಲಿ ನೇತುಹಾಕಿ ಇನ್ನೊಬ್ಬರು ಇಳಿಸುವ ಅಭ್ಯಾಸ ಮಾಡಿಸಬೇಕು. ಮಾಲೀಕರು ಕೇಳಬೇಕಾದ ಪ್ರಶ್ನೆಯೂ ಇದೇ: ಮೇಲಿರುವವರು ಎಚ್ಚರ ತಪ್ಪಿದರೆ ನಿಮ್ಮಲ್ಲಿ ಇಳಿಸಬಲ್ಲ ಎರಡನೆಯವರು ಯಾರು? ಉತ್ತರವಾಗಿ ಒಂದು ಹೆಸರು ಬರದಿದ್ದರೆ ಆ ತಂಡಕ್ಕೆ ಎತ್ತರದ ಕೆಲಸ ಕೊಡಬೇಡಿ.

ಮೈಮೇಲೆ ಏನಿರಬೇಕು

ಹೆಲ್ಮೆಟ್‌ಗೆ ಐಎಸ್ 2925, ಪೂರ್ಣದೇಹದ ಹಾರ್ನೆಸ್‌ಗೆ ಐಎಸ್ 3521, ಸುರಕ್ಷಾ ಬೂಟಿಗೆ ಐಎಸ್ 15298 ಎಂಬ ಭಾರತೀಯ ಮಾನಕಗಳಿವೆ. ಕೊಳ್ಳುವಾಗ ಐಎಸ್‌ಐ ಗುರುತನ್ನೂ ಈ ಸಂಖ್ಯೆಯನ್ನೂ ನೋಡಬೇಕು. ಹತ್ತುವವರ ಹೆಲ್ಮೆಟ್‌ಗೆ ಗದ್ದದ ಪಟ್ಟಿ ಕಡ್ಡಾಯ. ಕಟ್ಟಡ ಕೆಲಸದ ಹಾರ್ನೆಸ್‌ನಲ್ಲಿ ಕೊಂಡಿ ಬೆನ್ನ ಮೇಲಿರುತ್ತದೆ, ಅದು ಬಿದ್ದವರನ್ನು ಹಿಡಿಯಲು. ಮರದ ಕೆಲಸದಲ್ಲಿ ಹಗ್ಗದ ಮೇಲೇ ಕುಳಿತು ದುಡಿಯಬೇಕಾದ್ದರಿಂದ ಸೊಂಟದ ಮುಂಭಾಗದಲ್ಲೂ ಅಕ್ಕಪಕ್ಕದಲ್ಲೂ ಕೊಂಡಿಗಳಿರುವ, ತೊಡೆಗೆ ಅಗಲ ಪಟ್ಟಿಯಿರುವ ಹಾರ್ನೆಸ್ ಬೇಕು. ಹತ್ತುವ ಹಗ್ಗ ಕನಿಷ್ಠ 11 ಮಿಲಿಮೀಟರ್ ದಪ್ಪವಿದ್ದು, 24 ಕಿಲೋನ್ಯೂಟನ್, ಅಂದರೆ ಸುಮಾರು 2,400 ಕಿಲೋ ಭಾರದಷ್ಟು ಸೆಳೆತವನ್ನು ತಡೆಯಬೇಕೆಂಬುದು ಅಮೆರಿಕದ ಮರಕೆಲಸದ ಸುರಕ್ಷಾ ಮಾನಕದ ಬೇಡಿಕೆ. ತೆಂಗಿನ ನಾರಿನ ಹಗ್ಗ, ಬಾವಿಯ ಹಗ್ಗ, ನೀಲಿ ಪ್ಲಾಸ್ಟಿಕ್ ಹಗ್ಗ ಇವುಗಳಿಂದ ಸೊಪ್ಪಿನ ಕಟ್ಟು ಇಳಿಸಬಹುದು, ಮನುಷ್ಯರನ್ನಲ್ಲ. ಹತ್ತುವ ಹಗ್ಗವನ್ನು ದಿಮ್ಮಿ ಇಳಿಸಲು ಎಂದೂ ಬಳಸಬಾರದು. ಎರಡಕ್ಕೂ ಬೇರೆ ಬಣ್ಣವಿದ್ದರೆ ಗೊಂದಲವೇ ಇರುವುದಿಲ್ಲ.

ಚೈನ್‌ಸಾ ಹಿಡಿಯುವವರಿಗೆ ಕಾಲಿನ ರಕ್ಷಣೆ ಅತಿ ಮುಖ್ಯ. ಇದಕ್ಕೆಂದೇ ಮಾಡಿದ ಪ್ಯಾಂಟುಗಳ ಒಳಗೆ ಉದ್ದ ಎಳೆಗಳ ಪದರಗಳಿವೆ. ಸರಪಳಿ ತಾಗಿದ ಕೂಡಲೇ ಆ ಎಳೆಗಳು ಹೊರಬಂದು ಗರಗಸದ ಚಕ್ರಕ್ಕೆ ಸುತ್ತಿ ಅದನ್ನು ನಿಲ್ಲಿಸುತ್ತವೆ. ನಮ್ಮ ಸೆಕೆಯಲ್ಲಿ ಇದನ್ನು ದಿನವಿಡೀ ತೊಡುವುದು ಕಷ್ಟವೇ. ಕಾಲಿನ ಮುಂಭಾಗವನ್ನು ಮಾತ್ರ ಮುಚ್ಚುವ, ಪಟ್ಟಿಯಿಂದ ಕಟ್ಟಿಕೊಳ್ಳುವ ಮಾದರಿ ನೆಲದ ಕೆಲಸಕ್ಕೆ ಸಾಕಾಗುತ್ತದೆ, ಬೆಳಗಿನ ತಂಪಿನಲ್ಲಿ ಗರಗಸದ ಕೆಲಸ ಮುಗಿಸಿ ಮಧ್ಯಾಹ್ನ ಸೊಪ್ಪು ಸಾಗಿಸುವಂತೆ ಯೋಜಿಸಿದರೆ ತೊಡುವುದೂ ಸಹ್ಯವಾಗುತ್ತದೆ. ಚೈನ್‌ಸಾದ ಸದ್ದು 100 ಡೆಸಿಬೆಲ್‌ಗೂ ಹೆಚ್ಚು. ಕಿವಿಮುಚ್ಚಿಗೆಯಿಲ್ಲದೆ ವರ್ಷಗಟ್ಟಲೆ ದುಡಿದವರಿಗೆ ಆಗುವ ಕಿವುಡುತನ ವಾಸಿಯಾಗುವಂಥದ್ದಲ್ಲ.

ಗರಗಸದ ಮರ್ಯಾದೆ

ಬಾರ್‌ನ (ಸರಪಳಿ ಸುತ್ತುವ ಉದ್ದನೆಯ ಲೋಹದ ಪಟ್ಟಿಯ) ಮೂಗಿನ ಮೇಲರ್ಧ ಯಾವುದಕ್ಕಾದರೂ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಮುಖದತ್ತ ಚಿಮ್ಮುತ್ತದೆ. ಸ್ನಾಯುಬಲದಿಂದ ಅದನ್ನು ತಡೆಯಲು ಆಗುವುದಿಲ್ಲ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತುವರಿದಿದ್ದರೆ, ಸರಪಳಿಯನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಸರಿಯಿದ್ದರೆ, ಗರಗಸ ಭುಜದ ಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಪಾರಾಗುವ ಅವಕಾಶವಿದೆ. ಆದ್ದರಿಂದ ಒಂದೇ ಕೈಯಲ್ಲಿ ಕೊಯ್ಯುವುದು, ತಲೆಯ ಮೇಲೆತ್ತಿ ಕೊಯ್ಯುವುದು, ಏಣಿಯ ಮೇಲೆ ನಿಂತು ಕೊಯ್ಯುವುದು ಈ ಮೂರನ್ನೂ ತಂಡದಲ್ಲಿ ಸಂಪೂರ್ಣ ನಿಷೇಧಿಸಬೇಕು. ನೆಲದ ಮೇಲಿಟ್ಟು, ಹಿಂಬದಿಯ ಹಿಡಿಯನ್ನು ಬೂಟಿನಿಂದ ಒತ್ತಿ, ಬ್ರೇಕ್ ಹಾಕಿಯೇ ಚಾಲೂ ಮಾಡಬೇಕು, ಗಾಳಿಯಲ್ಲಿ ಬೀಳಿಸುತ್ತಾ ಚಾಲೂ ಮಾಡುವ ಹಗ್ಗ ಎಳೆಯಬಾರದು. ಇಂಧನ ತುಂಬುವಾಗ ಎಂಜಿನ್ ನಿಂತು ತಣ್ಣಗಾಗಿರಬೇಕು, ಬೀಡಿ ಹತ್ತಿರ ಇರಬಾರದು, ತುಂಬಿದ ಜಾಗದಿಂದ 10 ಅಡಿ ದೂರ ಹೋಗಿ ಚಾಲೂ ಮಾಡಬೇಕು. ಕೊಯ್ದಾಗ ಚಕ್ಕೆಯ ಬದಲು ಹುಡಿ ಬೀಳುತ್ತಿದ್ದರೆ ಸರಪಳಿ ಮೊಂಡಾಗಿದೆ ಎಂದರ್ಥ. ಮೊಂಡು ಗರಗಸವನ್ನು ಜನ ಒತ್ತಿ ಹಿಡಿಯುತ್ತಾರೆ, ಒತ್ತಿ ಹಿಡಿದಾಗಲೇ ಆಯ ತಪ್ಪುತ್ತದೆ.

ಕೆಡವುವ ಕ್ರಮ

ಮರದ ಎತ್ತರದ ಎರಡರಷ್ಟು ದೂರದೊಳಗೆ ಕೊಯ್ಯುವವರನ್ನು ಬಿಟ್ಟು ಬೇರೆ ಯಾರೂ ಇರಬಾರದು. ಬೀಳಿಸಬೇಕಾದ ದಿಕ್ಕನ್ನು ಗೊತ್ತುಮಾಡಿದ ಮೇಲೆ, ಅದರ ವಿರುದ್ಧ ಬದಿಗೆ 45 ಡಿಗ್ರಿ ಓರೆಯಾಗಿ ತಪ್ಪಿಸಿಕೊಳ್ಳಲು ಎರಡು ದಾರಿಗಳನ್ನು ಮೊದಲೇ ಸವರಿ ಇಟ್ಟುಕೊಳ್ಳಬೇಕು. ಮರ ಬೀಳುವಾಗ ಬುಡ ನೇರ ಹಿಂದಕ್ಕೆ ಒದೆಯುವುದರಿಂದ ನೇರ ಹಿಂದೆ ಓಡುವುದು ತಪ್ಪು.

ಬೀಳುವ ಬದಿಯಲ್ಲಿ ಹಾಕುವ ಕಚ್ಚು ಕಾಂಡದ ವ್ಯಾಸದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಆಳವಿದ್ದು, ಅದರ ಬಾಯಿ ಕನಿಷ್ಠ 45 ಡಿಗ್ರಿ ತೆರೆದಿರಬೇಕು. ಎದುರು ಬದಿಯಿಂದ ಕೊಯ್ಯುವಾಗ ಕಚ್ಚಿನ ಮೂಲೆಗಿಂತ ಎರಡು–ಮೂರು ಸೆಂಟಿಮೀಟರ್ ಮೇಲೆ ಕೊಯ್ದು, ನಡುವೆ ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪದ ಪಟ್ಟಿಯನ್ನು ಕೊಯ್ಯದೆ ಬಿಡಬೇಕು. 60 ಸೆಂಟಿಮೀಟರ್ ದಪ್ಪದ ಮರವಾದರೆ ಕಚ್ಚು 12ರಿಂದ 15 ಸೆಂಟಿಮೀಟರ್, ಉಳಿಸುವ ಪಟ್ಟಿ 6 ಸೆಂಟಿಮೀಟರ್. ಈ ಪಟ್ಟಿಯೇ ಕೀಲಿನಂತೆ ಮಡಚಿ ಮರವನ್ನು ಗೊತ್ತಾದ ದಿಕ್ಕಿಗೆ ಇಳಿಸುವುದು. ಅದನ್ನು ಪೂರ್ತಿ ಕೊಯ್ದುಬಿಟ್ಟರೆ ಮರ ಯಾರ ಮಾತನ್ನೂ ಕೇಳುವುದಿಲ್ಲ. ಹಿಂಬದಿಯ ಕೊಯ್ತ ಮುಂದುವರಿದಂತೆ ಬೆಣೆ ಹೊಡೆಯುತ್ತಾ ಹೋದರೆ ಬಾರ್ ಸಿಕ್ಕಿಕೊಳ್ಳುವುದಿಲ್ಲ.

ಬೀಳುವ ದಿಕ್ಕಿಗೇ ಬಹಳ ವಾಲಿರುವ ಮರದಲ್ಲಿ ಬೇರೆಯೇ ಅಪಾಯವಿದೆ. ಹಿಂದಿನಿಂದ ಕೊಯ್ಯುತ್ತಿರುವಾಗಲೇ ಕಾಂಡ ಉದ್ದುದ್ದ ಸೀಳಿ, ಸೀಳಿದ ಭಾಗ ಕೊಯ್ಯುವವರ ಎದೆ-ಮುಖದ ಮಟ್ಟಕ್ಕೆ ಚಿಮ್ಮುತ್ತದೆ. ಇಂಥ ಮರದಲ್ಲಿ ಹಿಂಬದಿಯಲ್ಲಿ ಒಂದು ಹಿಡಿತದ ಪಟ್ಟಿಯನ್ನು ಬಿಟ್ಟು, ಬಾರನ್ನು ಕಾಂಡದ ನಡುವೆ ತೂರಿಸಿ ಒಳಗಿನಿಂದ ಕೊಯ್ದು, ಕೊನೆಗೆ ಆ ಹಿಡಿತವನ್ನು ಬಿಡಿಸುವ ವಿಧಾನವಿದೆ. ಅದನ್ನು ಪಳಗಿದವರ ಕೈಯಡಿಯಲ್ಲಿ ಕಲಿಯಬೇಕೇ ಹೊರತು ಓದಿ ಪ್ರಯೋಗಿಸಬಾರದು. ಕೆಡವಿದ ಮರ ಪಕ್ಕದ ಮರಕ್ಕೆ ಸಿಕ್ಕಿ ನಿಂತರೆ ಅದರ ಕೆಳಗೆ ಹೋಗುವುದಾಗಲಿ, ಅದನ್ನು ಹತ್ತುವುದಾಗಲಿ, ತಡೆದು ನಿಂತ ಮರವನ್ನು ಕಡಿಯುವುದಾಗಲಿ ಕೂಡದು. ಹಗ್ಗ ಅಥವಾ ರಾಟೆಯಿಂದ ದೂರದಿಂದಲೇ ಎಳೆಸಬೇಕು, ಅಲ್ಲಿಯವರೆಗೆ ಜಾಗಕ್ಕೆ ಕಾವಲಿರಬೇಕು.

ಮೇಲಿನಿಂದ ತುಂಡು ತುಂಡಾಗಿ ಇಳಿಸುವುದು

ಮನೆಗಳ ನಡುವಿನ ಮರವನ್ನು ಒಮ್ಮೆಗೇ ಕೆಡವಲಾಗದು, ಮೇಲಿನಿಂದ ಬಿಡಿಸಿಕೊಂಡೇ ಬರಬೇಕು. ಗರಗಸ ಓಡುತ್ತಿರುವಾಗ ಹತ್ತಿದವರು ಎರಡು ಬೇರೆ ಬೇರೆ ಕಡೆ ಕಟ್ಟಿಕೊಂಡಿರಬೇಕು: ಒಂದು ಹತ್ತುವ ಹಗ್ಗ, ಇನ್ನೊಂದು ಕಾಂಡವನ್ನು ಬಳಸಿದ, ಒಳಗೆ ಉಕ್ಕಿನ ತಂತಿಯಿರುವ ಸೊಂಟದ ಹಗ್ಗ. ಕೈ ತಪ್ಪಿ ಸರಪಳಿ ಒಂದಕ್ಕೆ ತಾಗಿದರೂ ಇನ್ನೊಂದು ಉಳಿಯುತ್ತದೆ.

ತುಂಡಿನ ತೂಕವನ್ನು ಕಣ್ಣಳತೆಗೆ ಬಿಡದೆ ಲೆಕ್ಕ ಹಾಕುವುದನ್ನು ಕಲಿಯಬೇಕು. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಗುತ್ತದೆ ಎಂದು ಹಿಡಿದರೆ, 50 ಸೆಂಟಿಮೀಟರ್ ದಪ್ಪ, ಒಂದು ಮೀಟರ್ ಉದ್ದದ ದಿಮ್ಮಿ ಸುಮಾರು 200 ಕಿಲೋ ಆಗುತ್ತದೆ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟು. ಅದು ಹಗ್ಗದಲ್ಲಿ ಒಂದು ಮೀಟರ್ ಬಿದ್ದು ಜಗ್ಗಿದಾಗ ಹಗ್ಗಕ್ಕೂ ಹಗ್ಗ ಕಟ್ಟಿದ ಕವಲಿಗೂ ಬೀಳುವ ಸೆಳೆತ ಅದರ ತೂಕದ ಹಲವು ಪಟ್ಟು. ಹಾಗಾಗಿ ಸಣ್ಣ ತುಂಡುಗಳೇ ಒಳ್ಳೆಯದು. ಕೆಳಗೆ ಹಗ್ಗ ಹಿಡಿದವರು ಅದನ್ನು ಕೈಗೆ ಸುತ್ತಿಕೊಳ್ಳದೆ ಬುಡಕ್ಕೆ ಎರಡು–ಮೂರು ಸುತ್ತು ಹಾಕಿ, ತುಂಡು ಬೀಳುವ ಜಾಗದಿಂದ ದೂರ ನಿಂತು ಬಿಡಬೇಕು. ಮೇಲಿನವರು ‘ಬಿಡ್ತೀನಿ’ ಎಂದು ಕೂಗಿ, ಕೆಳಗಿನಿಂದ ‘ಬಿಡಿ’ ಎಂದು ಉತ್ತರ ಬಂದ ಮೇಲೆಯೇ ಕೊನೆಯ ಕೊಯ್ತ.

ಮರವನ್ನು ಉಳಿಸಿಕೊಂಡು ಕೊಂಬೆ ಮಾತ್ರ ತೆಗೆಯುವುದಾದರೆ ಮೂರು ಕೊಯ್ತಗಳ ವಿಧಾನ ಬಳಸಬೇಕು. ಕಾಂಡದಿಂದ ಒಂದಡಿ ಹೊರಗೆ ಕೆಳಗಿನಿಂದ ಒಂದು ಕೊಯ್ತ, ಅದಕ್ಕಿಂತ ತುಸು ಆಚೆ ಮೇಲಿನಿಂದ ಎರಡನೆಯದು, ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ಬುಡದ ಉಬ್ಬಿಗೆ ಗಾಯವಾಗದಂತೆ ಅದರ ಹೊರಗೆ ಮೂರನೆಯದು. ಆ ಉಬ್ಬಿನ ಜೀವಕೋಶಗಳೇ ಗಾಯವನ್ನು ಮುಚ್ಚುವುದು. ಗಾಯಕ್ಕೆ ಡಾಂಬರು, ಬಣ್ಣ, ಸಿಮೆಂಟು ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ. ಮರದ ತಲೆಯನ್ನು ಮಟ್ಟಸವಾಗಿ ಬೋಳಿಸಿದರೆ ಮುಂದೆ ಒತ್ತೊತ್ತಾಗಿ ಬರುವ ಚಿಗುರುಗಳು ಆಳವಾದ ಹಿಡಿತವಿಲ್ಲದೆ ದಪ್ಪಗಾಗುತ್ತವೆ, ಕೆಲವು ವರ್ಷಗಳಲ್ಲಿ ಅವೇ ಗಾಳಿಗೆ ಮುರಿದು ಬೀಳುತ್ತವೆ, ಮತ್ತು ಅವುಗಳನ್ನು ತೆಗೆಯಲು ಹತ್ತುವವರಿಗೆ ಹಗ್ಗ ಕಟ್ಟಲು ನಂಬಿಕೆಯ ಕವಲೇ ಇರುವುದಿಲ್ಲ.

ತೋಟಗಳಲ್ಲಿ

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು), ಮೆಣಸು ಕೊಯ್ಲು, ಮಲೆನಾಡು-ಕರಾವಳಿಯ ಅಡಿಕೆ ಕೊನೆ ಇಳಿಸುವುದು, ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಸಿಂಪಡಿಸುವುದು ಇವೆಲ್ಲ ಕೂಡ ಮರಕೆಲಸವೇ, ಆದರೆ ಇವನ್ನು ಯಾರೂ ಹಾಗೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಏಣಿ ಹೊತ್ತು ಹೋಗುವಾಗ ಅಥವಾ ಎತ್ತಿ ನಿಲ್ಲಿಸುವಾಗ ತೋಟದ ಮೇಲೆ ಹಾದ ತಂತಿಗೆ ತಾಗಿ ಕಾರ್ಮಿಕರು ಸಾಯುವುದು ಮತ್ತೆ ಮತ್ತೆ ನಡೆಯುತ್ತಿದೆ. ತಂತಿ ಹಾದ ಸಾಲುಗಳಲ್ಲಿ ಲೋಹದ ಏಣಿಯನ್ನು ಸಂಪೂರ್ಣ ಬಿಟ್ಟು ಬಿದಿರು ಅಥವಾ ಫೈಬರ್‌ಗ್ಲಾಸ್ ಏಣಿಗೆ ಬದಲಾಗಬೇಕು, ಆಗಲೂ ಅಂತರ ಕಾಯಬೇಕು. ಹೊಸದಾಗಿ ಬಂದಿರುವ ಕಾರ್ಬನ್ ಫೈಬರ್ ದೋಟಿ ಹತ್ತುವ ಅಪಾಯವನ್ನೇ ತಪ್ಪಿಸಿದ ಒಳ್ಳೆಯ ಸಾಧನ. ಆದರೆ ಕಾರ್ಬನ್ ಫೈಬರ್ ವಿದ್ಯುತ್ ವಾಹಕ ಎಂಬುದನ್ನು ಕೊಳ್ಳುವ ಪ್ರತಿಯೊಬ್ಬ ಬೆಳೆಗಾರರೂ, ಅದನ್ನು ಹಿಡಿಯುವ ಪ್ರತಿಯೊಬ್ಬರೂ ತಿಳಿದಿರಲೇಬೇಕು. ಹಗುರವಾಗಿದೆ, ಲೋಹವಲ್ಲ ಎಂಬ ಕಾರಣಕ್ಕೆ ಅದನ್ನು ತಂತಿಯ ಪಕ್ಕ ಎತ್ತುವಂತಿಲ್ಲ.

ತೆಂಗಿನಲ್ಲಿ ಪರಿಸ್ಥಿತಿ ಸ್ವಲ್ಪ ಉತ್ತಮ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ಕಾರ್ಯಕ್ರಮ ಆರಂಭಿಸಿ, ಯಂತ್ರದ ನೆರವಿನಿಂದ ಮರ ಹತ್ತುವುದನ್ನು ಯುವಕ-ಯುವತಿಯರಿಗೆ ಕಲಿಸುತ್ತಾ ಬಂದಿದೆ. ಹತ್ತುವವರಿಗಾಗಿ ಕೇರ ಸುರಕ್ಷಾ ಎಂಬ ವಿಮೆಯೂ ಇದೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಹತ್ತುವ ಯಂತ್ರ ಕಾಲಿಗೆ ಆಸರೆ ಕೊಡುತ್ತದೆಯೇ ಹೊರತು ಕೈ ಬಿಟ್ಟವರನ್ನು ಹಿಡಿಯುವುದಿಲ್ಲ; ಆದ್ದರಿಂದ ಸೊಂಟದ ಪಟ್ಟಿಯನ್ನು ಮರಕ್ಕೆ ಬಳಸಿ ಹಾಕಿಕೊಳ್ಳುವುದನ್ನು ಯಂತ್ರದಿಂದ ಬೇರೆಯಾಗಿಯೇ ರೂಢಿಸಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಡಿಕೆ ಮರಕ್ಕೆ ಕಾಲಿನ ತಳೆಯೊಂದನ್ನೇ ನಂಬಿ ಏರುವ ಕೊನೆಗಾರರಿಗೂ ಇಂಥದೇ ಪಟ್ಟಿ ಬೇಕು, ಅದನ್ನು ಕೊಂಡುಕೊಡುವುದು ತೋಟದ ಮಾಲೀಕರ ಖರ್ಚು.

ಅವಘಡವಾದರೆ

ಕೆಲಸ ಶುರುವಾಗುವ ಮೊದಲೇ ಸ್ಥಳದ ವಿಳಾಸ, ಹತ್ತಿರದ ಗುರುತು, ಆಂಬುಲೆನ್ಸ್ ಬರಬಲ್ಲ ದಾರಿ, ಹತ್ತಿರದ ದೊಡ್ಡ ಆಸ್ಪತ್ರೆ ಇವನ್ನು ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ತೋರಿಸಬೇಕು. ಕರೆ ಮಾಡಬೇಕಾದ ಸಂಖ್ಯೆ 108 ಅಥವಾ 112. ತೋಟದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದೂ ಆ ಚೀಟಿಯಲ್ಲಿರಲಿ.

ಹಾರ್ನೆಸ್‌ನಲ್ಲಿ ಎಚ್ಚರ ತಪ್ಪಿ ಅಲುಗಾಡದೆ ನೇತಾಡುವವರ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಅಗ್ನಿಶಾಮಕ ದಳ ಬರುವವರೆಗೆ ಕಾಯುವಷ್ಟು ಸಮಯವಿಲ್ಲದ್ದರಿಂದಲೇ ಇಳಿಸಬಲ್ಲ ಎರಡನೆಯವರು ತಂಡದಲ್ಲಿರಬೇಕೆಂದು ಮೇಲೆ ಒತ್ತಿ ಹೇಳಿದ್ದು. ಗರಗಸದ ಗಾಯದಲ್ಲಿ ಶುದ್ಧ ಬಟ್ಟೆಯಿಟ್ಟು ಗಾಯದ ಮೇಲೆಯೇ ಬಲವಾಗಿ ಒತ್ತಿ ಹಿಡಿಯಬೇಕು. ಕೈಕಾಲಿನ ರಕ್ತಸ್ರಾವ ಒತ್ತಿದರೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲ ಪಟ್ಟಿಯಿಂದ ಬಿಗಿದು, ಬಿಗಿದ ಸಮಯವನ್ನು ಬರೆದಿಡಬೇಕು. ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸುವುದು, ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಚಿ ಮಲಗಿಸುವುದು ನಮ್ಮಲ್ಲಿ ಸಹಾಯ ಮಾಡುವ ಆತುರದಲ್ಲೇ ನಡೆಯುತ್ತದೆ, ಆದರೆ ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯೇ ಅವರನ್ನು ಜೀವನಪೂರ್ತಿ ಹಾಸಿಗೆ ಹಿಡಿಸಬಹುದು. ಉಸಿರಾಟ ಸರಿಯಿದ್ದು ಸುತ್ತ ಬೇರೆ ಅಪಾಯವಿಲ್ಲದಿದ್ದರೆ ತಲೆ ಮತ್ತು ಕುತ್ತಿಗೆ ಅಲುಗದಂತೆ ಹಿಡಿದು ಆಂಬುಲೆನ್ಸ್‌ಗೆ ಕಾಯಬೇಕು. ಉಸಿರು ನಿಂತಿದ್ದರೆ ಎದೆ ಒತ್ತುವುದನ್ನು ಕೂಡಲೇ ಆರಂಭಿಸಬೇಕು.

ಹೊಣೆ, ವಿಮೆ, ಕರಾರು

1923ರ ನೌಕರರ ಪರಿಹಾರ ಅಧಿನಿಯಮದ ಅನುಸೂಚಿಯಲ್ಲಿ ತಾಳೆ ಜಾತಿಯ ಮರಗಳಿಂದ ರಸ ಇಳಿಸುವವರನ್ನೂ ಮರ ಕಡಿಯುವವರನ್ನೂ ಹೆಸರಿಸಲಾಗಿತ್ತು. ಆ ಅಧಿನಿಯಮದ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಕೆಲಸದ ಅವಧಿಯಲ್ಲಾದ ಅವಘಡಕ್ಕೆ ಉದ್ಯೋಗದಾತರು ಪರಿಹಾರ ಕೊಡಬೇಕೆಂಬ ಹೊಣೆಯನ್ನು ಮುಂದುವರಿಸಿದೆ. ತಂಡಕ್ಕೆ ಕೂಲಿ ಕೊಡುವ ಮೇಸ್ತ್ರಿಯೇ ಇಲ್ಲಿ ಉದ್ಯೋಗದಾತ. ತನ್ನ ವ್ಯವಹಾರದ ಭಾಗವಾಗಿ ಗುತ್ತಿಗೆಗೆ ಕೆಲಸ ಕೊಟ್ಟ ತೋಟದ ಮಾಲೀಕರು ಅಥವಾ ಕಂಪನಿ ಕೂಡ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಆದ್ದರಿಂದ ಮೇಸ್ತ್ರಿ ತನ್ನ ತಂಡಕ್ಕೆ ಪರಿಹಾರದ ವಿಮೆಯನ್ನೂ, ಪಕ್ಕದ ಮನೆ-ವಾಹನಗಳಿಗೆ ಆಗಬಹುದಾದ ಹಾನಿಗೆ ಪ್ರತ್ಯೇಕ ವಿಮೆಯನ್ನೂ ಮಾಡಿಸಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಕೊಡುತ್ತದೆ. 18ರಿಂದ 70 ವಯಸ್ಸಿನ, ಬ್ಯಾಂಕ್ ಖಾತೆಯಿರುವ ಪ್ರತಿಯೊಬ್ಬರಿಗೂ ಅದನ್ನು ಮಾಡಿಸಿಯೇ ಇರಬೇಕು, ಆದರೆ ಒಂದು ಕುಟುಂಬಕ್ಕೆ ಅದು ಸಾಕೆಂದು ಭಾವಿಸಬಾರದು.

ಕೊನೆಯದಾಗಿ ಕರಾರಿನ ಬಗ್ಗೆ. ‘ಮರಕ್ಕೆ ಇಷ್ಟು’ ಎಂದು ಒಟ್ಟಾಗಿ ಮಾತಾಡಿಕೊಂಡ ಕೆಲಸದಲ್ಲಿ ಬೇಗ ಮುಗಿಸಿದಷ್ಟೂ ಲಾಭ. ಕೂಲಿಯ ಬದಲು ಮರದ ದಿಮ್ಮಿಯನ್ನೇ ಕೊಂಡೊಯ್ಯುವ ಒಪ್ಪಂದದಲ್ಲಿ, ಸವರಿದರೆ ಸಾಕಾಗುವ ಮರವನ್ನೂ ಕಡಿಯಬೇಕೆಂದು ಹೇಳುವ ಆಸೆ ಹುಟ್ಟುತ್ತದೆ. ಸಾಧ್ಯವಾದಲ್ಲಿ ದಿನದ ಲೆಕ್ಕದಲ್ಲಿ ಕೂಲಿ ಗೊತ್ತುಮಾಡಿ, ದಿಮ್ಮಿಯ ಬೆಲೆಯನ್ನು ಪ್ರತ್ಯೇಕವಾಗಿ ತೀರ್ಮಾನಿಸಿ. ಒಂದು ಹಾಳೆಯಲ್ಲಿ ಅನುಮತಿಯ ಸಂಖ್ಯೆ, ಲೈನ್ ಕ್ಲಿಯರ್ ಬೇಕೇ ಬೇಡವೇ, ತಂಡದವರ ಹೆಸರು, ಇಳಿಸಬಲ್ಲ ಎರಡನೆಯವರ ಹೆಸರು, ವಿಮೆಯ ವಿವರ ಇವಿಷ್ಟನ್ನು ಬರೆದು ಇಬ್ಬರೂ ಸಹಿ ಮಾಡಿ. ಗಾಳಿ, ಮಳೆ, ಗುಡುಗು ಬಂದಾಗ ಅಥವಾ ಹತ್ತಿದವರು ‘ಇದು ಸರಿಯಿಲ್ಲ’ ಎಂದಾಗ ಕೆಲಸ ನಿಲ್ಲಿಸಲಾಗುವುದು, ನಿಲ್ಲಿಸಿದ ದಿನಕ್ಕೂ ಅರ್ಧ ಕೂಲಿ ಸಲ್ಲುತ್ತದೆ ಎಂಬ ಒಂದು ಸಾಲನ್ನು ಅದೇ ಹಾಳೆಯಲ್ಲಿ ಸೇರಿಸಿ. ಮರದ ಮೇಲಿರುವವರು ಕೂಲಿ ಹೋಗುವ ಭಯವಿಲ್ಲದೆ ಕೆಳಗಿಳಿದು ಬರಲು ಆ ಸಾಲು ಬೇಕು.